ಸೀಟಿ ಊದಿದವರ ಮೇಲೆ ಸಿಟ್ಟು: ಕೋಚ್‌ಗೆ ದಂಡ ಸರಿಯೇ?

ಪಂದ್ಯ ಮುಗಿದ ಮೇಲೆ ಕೋಚ್ ಮೈಕಿನ ಮುಂದೆ ಕೂತು ರೆಫರಿಯನ್ನು ದೂರುತ್ತಾರೆ. ಕೆಲವೇ ದಿನಗಳಲ್ಲಿ ಅವರಿಗೆ ದಂಡದ ನೋಟಿಸು ಬರುತ್ತದೆ. ಇದು ಶಿಸ್ತು ಕಾಪಾಡುವ ಕ್ರಮವೋ, ಬಾಯಿ ಮುಚ್ಚಿಸುವ ಉಪಾಯವೋ? ದೊಡ್ಡ ಲೀಗ್‌ಗಳ ಈ ಪ್ರಶ್ನೆ ಶಾಲೆಯ ಆಟದ ಬಯಲಿಗೂ ಬಂದು ಮುಟ್ಟುತ್ತದೆ.

2023ರ ಮಾರ್ಚ್ 3ರ ರಾತ್ರಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನ ನಾಕ್‌ಔಟ್ ಪಂದ್ಯ. ಒಂದೆಡೆ ಬೆಂಗಳೂರು ಎಫ್‌ಸಿ, ಇನ್ನೊಂದೆಡೆ ಕೇರಳ ಬ್ಲಾಸ್ಟರ್ಸ್. ತೊಂಬತ್ತು ನಿಮಿಷ ಆಡಿದರೂ ಗೋಲು ಬರಲಿಲ್ಲ. ಹೆಚ್ಚುವರಿ ಅವಧಿ ಶುರುವಾಗಿ ಸ್ವಲ್ಪ ಹೊತ್ತಿಗೆ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಇನ್ನೂ ರಕ್ಷಣೆಯ ಗೋಡೆ ನಿಲ್ಲಿಸುವುದರಲ್ಲಿದ್ದರು. ಸುನಿಲ್ ಚೆಟ್ರಿ ಕಾಯಲಿಲ್ಲ. ಚೆಂಡನ್ನು ಸೀದಾ ಬಲೆಗೆ ಕಳಿಸಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದು ಸಾರಿದರು.

ಕೇರಳದ ಅಂದಿನ ಕೋಚ್ ಇವಾನ್ ವುಕೊಮನೊವಿಚ್ ಸಿಟ್ಟಿನಿಂದ ಕುದಿದುಹೋದರು. ತಮ್ಮ ಆಟಗಾರರನ್ನೆಲ್ಲ ಮೈದಾನದಿಂದ ಹೊರಕ್ಕೆ ಕರೆದರು. ರೆಫರಿ ಕಾದು ನೋಡಿದರು; ತಂಡ ಮರಳಿ ಬರಲಿಲ್ಲ. ಪಂದ್ಯ ಬೆಂಗಳೂರಿನ ಪಾಲಾಯಿತು. ಆ ಮೇಲೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 5 ಲಕ್ಷ ರೂಪಾಯಿ ದಂಡ, ಜತೆಗೆ 10 ಪಂದ್ಯಗಳ ನಿಷೇಧ. ಬಹಿರಂಗವಾಗಿ ಕ್ಷಮೆ ಕೇಳದಿದ್ದರೆ ಕ್ಲಬ್ಬಿನ ದಂಡ 6 ಕೋಟಿಗೆ, ಕೋಚ್‌ನ ದಂಡ 10 ಲಕ್ಷಕ್ಕೆ ಏರುತ್ತದೆ ಎಂಬ ಷರತ್ತೂ ಇತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನಿಷೇಧ ಮುಗಿಸಿ ಬಂದ ವುಕೊಮನೊವಿಚ್, ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಚೆನ್ನೈಯಿನ್ ಎಫ್‌ಸಿ ವಿರುದ್ಧದ ಪಂದ್ಯ 3–3ರಲ್ಲಿ ಡ್ರಾ ಆದ ಮೇಲೆ ಪತ್ರಿಕಾಗೋಷ್ಠಿಯಲ್ಲಿ ರೆಫರಿಗಳ ಸಾಮರ್ಥ್ಯವನ್ನು ಕಟುವಾಗಿ ಟೀಕಿಸಿದರು. ಈ ಬಾರಿ ಒಂದು ಪಂದ್ಯದ ನಿಷೇಧ, 50 ಸಾವಿರ ರೂಪಾಯಿ ದಂಡ.

ಎರಡು ಪ್ರಕರಣಗಳ ನಡುವೆ ದೊಡ್ಡ ಅಂತರವಿದೆ. ಮೊದಲನೆಯದು ಕೃತ್ಯ: ಆಟ ಅರ್ಧಕ್ಕೆ ಬಿಟ್ಟು ಹೊರನಡೆದದ್ದು. ಅದಕ್ಕೆ ದಂಡ ಬೇಕು ಎಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯ ಇರಲಾರದು. ಎರಡನೆಯದು ಬರಿಯ ಮಾತು. ಬಾಯಿ ಬಿಟ್ಟು ಆಡಿದ ಮಾತಿಗೂ ದಂಡ ಕಟ್ಟಬೇಕೆ?

ನಿಯಮ ಏನೆನ್ನುತ್ತದೆ?

ಕ್ರಿಕೆಟ್‌ನಲ್ಲಿ ಇದಕ್ಕೆ ಲಿಖಿತ ನಿಯಮವೇ ಇದೆ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ, ಅಂದರೆ ಐಸಿಸಿಯ ನೀತಿ ಸಂಹಿತೆಯ 2.7ನೇ ವಿಧಿಯ ಪ್ರಕಾರ, ಪಂದ್ಯದಲ್ಲಿ ನಡೆದ ಘಟನೆಯ ಬಗ್ಗೆ ಬಹಿರಂಗವಾಗಿ ಟೀಕಿಸುವುದು ಅಥವಾ ಅನುಚಿತವಾಗಿ ಮಾತನಾಡುವುದು ಅಪರಾಧ. ಇದು ಆಟಗಾರರಿಗೆ ಮಾತ್ರವಲ್ಲ, ತಂಡದ ಕೋಚ್‌ಗೂ ಅನ್ವಯಿಸುತ್ತದೆ.

2025ರ ಜೂನ್‌ನಲ್ಲಿ ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ವೆಸ್ಟ್ ಇಂಡೀಸ್ ಮತ್ತು ಆಸ್ಟ್ರೇಲಿಯ ನಡುವೆ ಟೆಸ್ಟ್ ಪಂದ್ಯ ನಡೆಯಿತು. ಟಿ.ವಿ. ಅಂಪೈರ್ ಏಡ್ರಿಯನ್ ಹೋಲ್ಡ್‌ಸ್ಟಾಕ್ ಕೊಟ್ಟ ಕೆಲವು ತೀರ್ಪುಗಳು ವೆಸ್ಟ್ ಇಂಡೀಸ್ ಕೋಚ್ ಡ್ಯಾರೆನ್ ಸ್ಯಾಮಿ ಅವರಿಗೆ ಸರಿ ಕಾಣಲಿಲ್ಲ. ಪಂದ್ಯ ಇನ್ನೂ ನಡೆಯುತ್ತಿರುವಾಗಲೇ, ಈ ಅಂಪೈರ್ ಬಗ್ಗೆ ತಮಗೆ ಹಿಂದಿನ ಇಂಗ್ಲೆಂಡ್ ಪ್ರವಾಸದಿಂದಲೂ ಅಸಮಾಧಾನವಿದೆ ಎಂದು ಪತ್ರಕರ್ತರ ಮುಂದೆ ಹೇಳಿಬಿಟ್ಟರು. ಅವರಿಗೆ ಬಿದ್ದದ್ದು ಪಂದ್ಯ ಶುಲ್ಕದ ಶೇ 15ರಷ್ಟು ದಂಡ ಮತ್ತು ಒಂದು ಡಿಮೆರಿಟ್ ಅಂಕ. ಆ ಪಂದ್ಯದ ಮ್ಯಾಚ್ ರೆಫರಿ ಕನ್ನಡಿಗರಿಗೆ ಚಿರಪರಿಚಿತರೇ: ಜಾವಗಲ್ ಶ್ರೀನಾಥ್. ಭಾರತದ ಪರ ವೇಗದ ಬೌಲಿಂಗ್ ಮಾಡಿ, 2006ರಿಂದ ಮ್ಯಾಚ್ ರೆಫರಿಯ ಕೆಲಸದಲ್ಲಿರುವ ಶ್ರೀನಾಥ್ ಸೂಚಿಸಿದ ಶಿಕ್ಷೆಯನ್ನು ಸ್ಯಾಮಿ ತಪ್ಪೊಪ್ಪಿಕೊಂಡು ಸ್ವೀಕರಿಸಿದರು. ವಿಚಾರಣೆಯ ಅಗತ್ಯವೇ ಬೀಳಲಿಲ್ಲ.

ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ನಿಯಮ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಪಂದ್ಯ ಶುರುವಾಗುವ ಮೊದಲು ರೆಫರಿಯ ಬಗ್ಗೆ ಕೋಚ್ ಮಾಧ್ಯಮದ ಮುಂದೆ ಮಾತನಾಡುವಂತೆಯೇ ಇಲ್ಲ. ಪಂದ್ಯ ಮುಗಿದ ಮೇಲೆ ತೀರ್ಪು ಸರಿಯಿರಲಿಲ್ಲ ಎನ್ನಬಹುದು. ಆದರೆ ರೆಫರಿ ಪಕ್ಷಪಾತಿ ಎಂದು ಸೂಚಿಸಬಾರದು, ಅವರ ಪ್ರಾಮಾಣಿಕತೆಯನ್ನು ಪ್ರಶ್ನಿಸಬಾರದು, ವೈಯಕ್ತಿಕವಾಗಿ ಹೀಗಳೆಯಬಾರದು.

ಒಬ್ಬರೇ ಕೋಚ್, ಎರಡು ಮಾತು

ಈ ಗೆರೆ ಎಲ್ಲಿದೆ ಎಂದು ತಿಳಿಯಲು ಲಿವರ್‌ಪೂಲ್ ತಂಡದ ಕೋಚ್ ಆಗಿದ್ದ ಯೂರ್ಗನ್ ಕ್ಲಾಪ್ ಅವರ ಒಂದೇ ವರ್ಷದ ಎರಡು ಅನುಭವಗಳನ್ನು ನೋಡಿದರೆ ಸಾಕು.

2023ರ ಏಪ್ರಿಲ್ 30ರಂದು ಲಿವರ್‌ಪೂಲ್, ಟಾಟನ್‌ಹ್ಯಾಮ್ ತಂಡವನ್ನು 4–3ರಿಂದ ಸೋಲಿಸಿತು. ಗೆದ್ದರೂ ಕ್ಲಾಪ್‌ಗೆ ಸಮಾಧಾನವಿರಲಿಲ್ಲ. ರೆಫರಿ ಪಾಲ್ ಟಿಯರ್ನಿಗೆ ನಮ್ಮ ತಂಡದ ಮೇಲೆ ಏನು ದ್ವೇಷವೋ ಗೊತ್ತಿಲ್ಲ ಎಂಬ ಅರ್ಥದ ಮಾತನ್ನು ಟಿ.ವಿ. ಕ್ಯಾಮೆರಾ ಎದುರು ಆಡಿದರು. ಫಲ: 75 ಸಾವಿರ ಪೌಂಡ್ ದಂಡ ಮತ್ತು ಎರಡು ಪಂದ್ಯಗಳ ನಿಷೇಧ. ಅದರಲ್ಲಿ ಒಂದನ್ನು ಮಾತ್ರ ತಡೆಹಿಡಿಯಲಾಯಿತು.

ಐದು ತಿಂಗಳ ನಂತರ, ಸೆಪ್ಟೆಂಬರ್ 30ರಂದು, ಮತ್ತೆ ಅದೇ ಟಾಟನ್‌ಹ್ಯಾಮ್ ಎದುರಾಳಿ. ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಗೋಲನ್ನು ಆಫ್‌ಸೈಡ್ ಎಂದು ತಳ್ಳಿಹಾಕಲಾಯಿತು. ಅಸಲಿಗೆ ಅದು ಆಫ್‌ಸೈಡ್ ಆಗಿರಲಿಲ್ಲ. ಮೈದಾನದ ರೆಫರಿ ಗೋಲು ಕೊಟ್ಟಿದ್ದಾರೆಂದು ತಪ್ಪಾಗಿ ತಿಳಿದ ವಿಡಿಯೊ ರೆಫರಿ, ಎಲ್ಲ ಸರಿಯಾಗಿದೆ ಎಂದು ಹೇಳಿಬಿಟ್ಟಿದ್ದರು! ಲಿವರ್‌ಪೂಲ್ 2–1ರಿಂದ ಸೋತಿತು. ಈ ಸಲ ಕ್ಲಾಪ್, ಪಂದ್ಯವನ್ನು ಮತ್ತೆ ಆಡಿಸುವುದೇ ನ್ಯಾಯ ಎಂದರು. ಇದಕ್ಕಿಂತ ಖಾರವಾದ ಬೇಡಿಕೆ ಇನ್ನೇನಿದ್ದೀತು? ಆದರೂ ಅವರಿಗೆ ಒಂದು ಪೌಂಡ್ ದಂಡವೂ ಬೀಳಲಿಲ್ಲ. ರೆಫರಿಗಳ ಸಂಸ್ಥೆಯೇ ಪ್ರಮಾದ ಒಪ್ಪಿಕೊಂಡಿತು; ವಿಡಿಯೊ ಕೊಠಡಿಯಲ್ಲಿ ನಡೆದ ಸಂಭಾಷಣೆಯ ಧ್ವನಿಮುದ್ರಣವನ್ನು ಮೂರು ದಿನಗಳಲ್ಲಿ ಸಾರ್ವಜನಿಕರ ಮುಂದಿಟ್ಟಿತು.

ಮೊದಲ ಸಲ ಕ್ಲಾಪ್ ಬೆರಳು ತೋರಿಸಿದ್ದು ಮನುಷ್ಯನ ಕಡೆಗೆ. ಎರಡನೇ ಸಲ ತೀರ್ಪಿನ ಕಡೆಗೆ. "ಈ ತೀರ್ಪು ತಪ್ಪು" ಎಂಬ ಮಾತಿಗೂ "ಈ ರೆಫರಿ ನಮಗೆ ಬೇಕೆಂದೇ ಮೋಸ ಮಾಡಿದ" ಎಂಬ ಮಾತಿಗೂ ಇರುವ ವ್ಯತ್ಯಾಸವನ್ನು ಗುರುತಿಸುವ ದಂಡ ನ್ಯಾಯವಾದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ದಂಡ ಅನ್ಯಾಯದ್ದು. ದೊಡ್ಡ ದೊಡ್ಡ ಚರ್ಚೆಗಳ ನಡುವೆ ಮರೆತುಹೋಗುವ ಸಂಗತಿ ಇದು.

ಆಡಿದ ಮಾತು ಎಲ್ಲಿಗೆ ಮುಟ್ಟುತ್ತದೆ?

ಒಂದು ಮಾತಿನಿಂದ ಏನು ಮಹಾ ಆಗಿಬಿಡುತ್ತದೆ ಎಂದು ಕೇಳುವವರುಂಟು. ಸ್ವೀಡನ್ನಿನ ಆಂಡರ್ಸ್ ಫ್ರಿಸ್ಕ್ ಅವರ ಕಥೆ ಅದಕ್ಕೆ ಉತ್ತರ.

ಫ್ರಿಸ್ಕ್ ಸಾಮಾನ್ಯ ರೆಫರಿಯಾಗಿರಲಿಲ್ಲ. 2000ದ ಯೂರೋ ಕಪ್ ಫೈನಲ್ ಆಡಿಸಿದವರು. 2005ರ ಫೆಬ್ರುವರಿ 23ರಂದು ಬಾರ್ಸಿಲೋನಾದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಪಂದ್ಯದಲ್ಲಿ ಅವರು ಚೆಲ್ಸಿ ತಂಡದ ಡಿಡಿಯೆ ದ್ರೋಗ್ಬಾ ಅವರನ್ನು ಹೊರಕ್ಕೆ ಕಳಿಸಿದರು. ಚೆಲ್ಸಿ 2–1ರಿಂದ ಸೋತಿತು. ಬಾರ್ಸಿಲೋನಾ ಕೋಚ್ ಫ್ರಾಂಕ್ ರೈಕಾರ್ಡ್ ಮಧ್ಯಂತರದಲ್ಲಿ ರೆಫರಿಯ ಕೋಣೆಗೆ ಹೋಗಿದ್ದರು ಎಂದು ಚೆಲ್ಸಿ ಕೋಚ್ ಜೋಸೆ ಮೌರಿನೊ ಆರೋಪಿಸಿದರು. ಏನೋ ಒಳಸಂಚು ನಡೆದಿದೆ ಎಂಬ ಅನುಮಾನ ಅಭಿಮಾನಿಗಳ ತಲೆಯಲ್ಲಿ ಹೊಕ್ಕಿತು. ಫ್ರಿಸ್ಕ್‌ಗೂ ಅವರ ಕುಟುಂಬಕ್ಕೂ ಜೀವ ಬೆದರಿಕೆಗಳು ಬರತೊಡಗಿದವು. ಮುಂದಿನ ತಿಂಗಳೇ, 42ನೇ ವಯಸ್ಸಿನಲ್ಲಿ, ಅವರು ಸೀಟಿಯನ್ನು ಕೆಳಗಿಟ್ಟರು.

ಯುರೋಪಿನ ಫುಟ್‌ಬಾಲ್ ಸಂಸ್ಥೆ ಯೂಇಎಫ್‌ಎ, ಮೌರಿನೊಗೆ 20 ಸಾವಿರ ಸ್ವಿಸ್ ಫ್ರಾಂಕ್ ದಂಡ ಹಾಕಿ ಎರಡು ಪಂದ್ಯಗಳಿಂದ ದೂರವಿಟ್ಟಿತು. ಚೆಲ್ಸಿ ಕ್ಲಬ್ಬಿಗೂ ದಂಡ ಬಿತ್ತು. ಆದರೆ ಫ್ರಿಸ್ಕ್ ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹದಿನೆಂಟು ವರ್ಷಗಳ ನಂತರ ಚರಿತ್ರೆ ಮರುಕಳಿಸಿತು. 2023ರ ಮೇ 31ರಂದು ಬುಡಾಪೆಸ್ಟ್‌ನಲ್ಲಿ ನಡೆದ ಯೂರೋಪಾ ಲೀಗ್ ಫೈನಲ್‌ನಲ್ಲಿ ರೋಮಾ ತಂಡ ಸೋತಾಗ, ಅದರ ಕೋಚ್ ಆಗಿದ್ದ ಇದೇ ಮೌರಿನೊ ಕ್ರೀಡಾಂಗಣದ ವಾಹನ ನಿಲ್ದಾಣದಲ್ಲಿ ರೆಫರಿ ಆಂಟನಿ ಟೇಲರ್ ಅವರನ್ನು ಅಡ್ಡಗಟ್ಟಿ ಬೈದರು. ಮರುದಿನ ವಿಮಾನ ನಿಲ್ದಾಣದಲ್ಲಿ ಕುಟುಂಬದ ಜತೆ ಹೊರಟಿದ್ದ ಟೇಲರ್ ಅವರನ್ನು ರೋಮಾ ಅಭಿಮಾನಿಗಳು ಮುತ್ತಿದರು. ಒಂದು ಕುರ್ಚಿಯೂ ಅವರತ್ತ ತೂರಿಬಂತು. ಮೌರಿನೊಗೆ ಈ ಸಲ ನಾಲ್ಕು ಪಂದ್ಯಗಳ ನಿಷೇಧ.

ಕೋಚ್‌ನ ಕೈಯಲ್ಲಿ ಮೈಕಿದೆ, ಹಿಂದೆ ಲಕ್ಷಾಂತರ ಅಭಿಮಾನಿಗಳಿದ್ದಾರೆ. ರೆಫರಿಗೆ ಮೈಕೂ ಇಲ್ಲ, ಅಭಿಮಾನಿಗಳೂ ಇಲ್ಲ. ಬಹುತೇಕ ಲೀಗ್‌ಗಳಲ್ಲಿ ಪಂದ್ಯದ ನಂತರ ಅವರು ಬಾಯಿ ಬಿಡುವುದೇ ಅಪರೂಪ. ಇಷ್ಟು ಅಸಮಾನರಾದ ಇಬ್ಬರ ನಡುವೆ ಲೀಗ್ ಅಡ್ಡ ನಿಲ್ಲದಿದ್ದರೆ ಇನ್ನಾರು ನಿಲ್ಲಬೇಕು? ದಂಡದ ಪರವಾಗಿರುವ ಬಲವಾದ ವಾದ ಇದು.

2009ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗ್ಯುಸನ್, ಸಂಡರ್‌ಲೆಂಡ್ ಜತೆಗಿನ ಪಂದ್ಯ 2–2ರಲ್ಲಿ ಡ್ರಾ ಆದಾಗ ರೆಫರಿ ಅಲನ್ ವೈಲಿ ಅವರಿಗೆ ಓಡುವ ಶಕ್ತಿಯೇ ಇಲ್ಲ ಎಂದಿದ್ದರು. ಆಮೇಲೆ ಲೆಕ್ಕ ತೆಗೆದು ನೋಡಿದರೆ, ಅಂದು ಆಡಿದ ಬಹುಪಾಲು ಆಟಗಾರರಿಗಿಂತ ಹೆಚ್ಚು ದೂರ ಓಡಿದ್ದವರು ವೈಲಿ! ಫರ್ಗ್ಯುಸನ್ ಕ್ಷಮೆ ಕೇಳಿದರು. 20 ಸಾವಿರ ಪೌಂಡ್ ದಂಡ ತೆತ್ತರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಮಾತು ಎಷ್ಟೇ ದೊಡ್ಡ ಕೋಚ್‌ಗೂ ಒಮ್ಮೊಮ್ಮೆ ಒಪ್ಪುತ್ತದೆ.

ರೆಫರಿಯೇ ಕಳ್ಳನಾದರೆ?

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಅದನ್ನು ನೋಡಲು ಜರ್ಮನಿಗೆ ಹೋಗಬೇಕು.

2004ರ ಆಗಸ್ಟ್‌ನಲ್ಲಿ ಜರ್ಮನ್ ಕಪ್ ಪಂದ್ಯವೊಂದರಲ್ಲಿ ಹೆಸರಾಂತ ಹ್ಯಾಂಬರ್ಗ್ ತಂಡಕ್ಕೆ ಕೆಳಗಿನ ಲೀಗ್‌ನ ಪಾಡರ್‌ಬಾರ್ನ್ ಎದುರಾಯಿತು. ಹ್ಯಾಂಬರ್ಗ್ 2–0 ಮುಂದಿತ್ತು. ಆಮೇಲೆ ರೆಫರಿ ರಾಬರ್ಟ್ ಹೊಯ್ಜರ್ ಪಾಡರ್‌ಬಾರ್ನ್‌ಗೆ ಎರಡು ಪೆನಾಲ್ಟಿ ಕೊಟ್ಟ. ಹ್ಯಾಂಬರ್ಗ್‌ನ ಎಮಿಲ್ ಎಂಪೆಂಜಾ ರೇಗಿದಾಗ ಕೆಂಪು ಕಾರ್ಡ್ ತೋರಿಸಿ ಹೊರಗಟ್ಟಿದ. ಹ್ಯಾಂಬರ್ಗ್ 4–2ರಿಂದ ಸೋತಿತು. ಅಕ್ಟೋಬರ್ ಹೊತ್ತಿಗೆ ಅದರ ಕೋಚ್ ಕ್ಲಾಸ್ ಟಾಪ್‌ಮೋಲರ್ ಕೆಲಸ ಕಳೆದುಕೊಂಡಿದ್ದರು.

2005ರ ಜನವರಿಯಲ್ಲಿ ಬಯಲಾದ ಸತ್ಯ ಇದು: ಹೊಯ್ಜರ್ ಜೂಜುಕೋರರಿಂದ ಹಣ ಪಡೆದು ಪಂದ್ಯಗಳನ್ನು ತಿರುಚಿದ್ದ. ನ್ಯಾಯಾಲಯ ಅವನಿಗೆ 2 ವರ್ಷ 5 ತಿಂಗಳ ಜೈಲು ಶಿಕ್ಷೆ ವಿಧಿಸಿತು. ಅಂದರೆ, ಆ ದಿನ ಮೈದಾನದಲ್ಲಿ ರೇಗಿದವನ ಅನುಮಾನ ನಿಜವಾಗಿತ್ತು; ಶಿಕ್ಷೆ ಆಗಿದ್ದೂ ಅವನಿಗೇ.

ದಂಡದ ವಿರೋಧಿಗಳು ಕೇಳುವುದು ಇದನ್ನೇ. ತೀರ್ಪುಗಾರರನ್ನು ಪ್ರಶ್ನಿಸುವ ಬಾಯಿಗಳಿಗೆಲ್ಲ ಬೀಗ ಹಾಕಿದರೆ ನಾಳೆ ಇನ್ನೊಬ್ಬ ಹೊಯ್ಜರ್ ಹುಟ್ಟಿದಾಗ ಹೇಳುವವರು ಯಾರು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೊಯ್ಜರ್ ಸಿಕ್ಕಿಬಿದ್ದ ಬಗೆಯನ್ನೂ ಗಮನಿಸಬೇಕು. ಅವನ ಮೋಸ ಬಯಲಾದದ್ದು ಪತ್ರಿಕಾಗೋಷ್ಠಿಯ ಕೂಗಾಟದಿಂದಲ್ಲ. ನಾಲ್ವರು ಸಹ ರೆಫರಿಗಳೇ ತಮ್ಮ ಅನುಮಾನವನ್ನು ಜರ್ಮನ್ ಫುಟ್‌ಬಾಲ್ ಸಂಸ್ಥೆಯ ಮುಂದಿಟ್ಟರು. ಸಂಸ್ಥೆ ಅದನ್ನು ಕೇಳಿಸಿಕೊಂಡಿತು.

ಇನ್ನೊಂದು ಆಕ್ಷೇಪವೂ ಇದೆ: ದಂಡ ನಾಟುವುದೇ ಇಲ್ಲ ಎಂಬುದು. 2017ರ ಏಪ್ರಿಲ್‌ನಲ್ಲಿ ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಮೆಂಫಿಸ್ ತಂಡದ ಕೋಚ್ ಡೇವಿಡ್ ಫಿಜ್‌ಡೇಲ್, ಪಂದ್ಯ ಸೋತ ಮೇಲೆ ಅಂಕಿಅಂಶ ಮುಂದಿಟ್ಟುಕೊಂಡು ರೆಫರಿಗಳನ್ನು ಜಾಲಾಡಿದರು. ತಮ್ಮ ಇಡೀ ತಂಡಕ್ಕೆ 15 ಫ್ರೀ ಥ್ರೋ ಸಿಕ್ಕರೆ ಎದುರಾಳಿಯ ಒಬ್ಬನೇ ಆಟಗಾರ ಕವಾಯ್ ಲೆನಾರ್ಡ್‌ಗೆ 19 ಸಿಕ್ಕಿವೆ ಎಂದು ಮೇಜು ಕುಟ್ಟಿದರು. ಲೀಗ್ 30 ಸಾವಿರ ಡಾಲರ್ ದಂಡ ಹಾಕಿತು. ಆದದ್ದೇನು? ಅವರ ಮಾತು ಟೀ ಶರ್ಟುಗಳ ಮೇಲೆ ಅಚ್ಚಾಯಿತು. ದಂಡದ ಹಣ ತಾವೇ ಕೊಡುತ್ತೇವೆಂದು ಆಟಗಾರರು ಮುಂದೆ ಬಂದರು. ತಮ್ಮ ಹುಡುಗರಿಗಾಗಿ ದಂಡ ತೆತ್ತ ಕೋಚ್ ಊರಿನ ವೀರನಾದರು. ಕೋಟಿಗಟ್ಟಲೆ ಸಂಬಳ ಎಣಿಸುವವರಿಗೆ ಇಂಥ ದಂಡ, ಹೆಲ್ಮೆಟ್ಟಿಲ್ಲದೆ ಸಿಕ್ಕಿಬಿದ್ದ ಶ್ರೀಮಂತನ ಮಗ ಕಟ್ಟುವ ದಂಡದಂತೆ. ಹಣಕ್ಕಿಂತ ಪಂದ್ಯದ ನಿಷೇಧ ಹೆಚ್ಚು ನೋಯಿಸುತ್ತದೆ. ಪಂದ್ಯದ ದಿನ ತಂಡದ ಬಳಿ ನಿಲ್ಲಲಾಗದ ಕೋಚ್‌ಗೆ ತನ್ನ ಮಾತಿನ ಬೆಲೆ ತಿಳಿಯುತ್ತದೆ.

ಬಾಯಿಗೆ ಬೀಗ ಹಾಕಿದವರು ಕಿವಿ ತೆರೆಯಬೇಕು

ಹಾಗಾದರೆ ದಾರಿ ಯಾವುದು? ಫಿಜ್‌ಡೇಲ್‌ಗೆ ದಂಡ ಹಾಕಿದ ಅದೇ ಎನ್‌ಬಿಎ ಇನ್ನೊಂದು ಕೆಲಸವನ್ನೂ ಮಾಡುತ್ತದೆ. 2015ರಿಂದ, ತುರುಸಿನಿಂದ ಮುಗಿದ ಪಂದ್ಯಗಳ ಕೊನೆಯ ಎರಡು ನಿಮಿಷಗಳಲ್ಲಿ ರೆಫರಿಗಳು ಕೊಟ್ಟ ತೀರ್ಪುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ವರದಿಯನ್ನು ತಾನೇ ಪ್ರಕಟಿಸುತ್ತದೆ. ಪಂದ್ಯದ ಫಲಿತಾಂಶ ಬದಲಾಗುವುದಿಲ್ಲ, ನಿಜ. ಆದರೆ ನೊಂದ ಕೋಚ್‌ಗೆ ಒಂದು ಉತ್ತರ ಸಿಗುತ್ತದೆ. ಉತ್ತರ ಸಿಗುವ ಕಡೆ ಕೂಗಾಟಕ್ಕೆ ನೆಪ ಕಡಿಮೆ.

ಕ್ರಿಕೆಟ್ ಈ ಪಾಠ ಕಲಿತದ್ದು ಕಹಿಯಾಗಿ. 2008ರ ಜನವರಿಯ ಸಿಡ್ನಿ ಟೆಸ್ಟ್ ಯಾರಿಗೆ ನೆನಪಿಲ್ಲ? ಬ್ಯಾಟಿಗೆ ಚೆಂಡು ತಾಗಿಸಿಯೂ ಆಸ್ಟ್ರೇಲಿಯದ ಆಂಡ್ರ್ಯೂ ಸೈಮಂಡ್ಸ್ ಉಳಿದುಕೊಂಡರು. ಬ್ಯಾಟಿಗೆ ಚೆಂಡು ತಾಗದೆಯೂ ರಾಹುಲ್ ದ್ರಾವಿಡ್ ಕ್ಯಾಚ್ ಕೊಟ್ಟರೆಂದು ಔಟಾದರು. ಭಾರತ ಸೋತಿತು. ಒಂದೇ ತಂಡ ಕ್ರೀಡಾಮನೋಭಾವದಿಂದ ಆಡಿತು ಎಂದು ನಾಯಕ ಅನಿಲ್ ಕುಂಬ್ಳೆ ಹೇಳಿದರು. ಅದು ಎದುರಾಳಿಯ ನಡವಳಿಕೆಗೆ ಕೊಟ್ಟ ಏಟು. ಅಂಪೈರ್‌ಗಳ ಮೇಲಿನ ದೂರನ್ನು ಭಾರತೀಯ ಕ್ರಿಕೆಟ್ ಮಂಡಳಿ ಐಸಿಸಿಯ ಬಳಿಗೆ ಒಯ್ದಿತು. ಮುಂದಿನ ಪರ್ತ್ ಟೆಸ್ಟ್‌ಗೆ ಸ್ಟೀವ್ ಬಕ್ನರ್ ಬದಲು ಬಿಲ್ಲಿ ಬೌಡನ್ ಬಂದರು. ಹಣವಂತ ಮಂಡಳಿಯ ಒತ್ತಡಕ್ಕೆ ಐಸಿಸಿ ಮಣಿಯಿತು ಎಂಬ ಟೀಕೆಯೂ ಬಂತು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಸಣ್ಣ ಮಂಡಳಿಯೊಂದು ಇದೇ ದೂರು ಒಯ್ದಿದ್ದರೆ ಏನಾಗುತ್ತಿತ್ತು ಎಂಬುದು ಯೋಚಿಸಬೇಕಾದ ಮಾತೇ.

ಅದೇ ವರ್ಷದ ಜುಲೈಯಲ್ಲಿ ಭಾರತ–ಶ್ರೀಲಂಕಾ ಟೆಸ್ಟ್ ಸರಣಿಯಲ್ಲಿ ತೀರ್ಪು ಮರುಪರಿಶೀಲನೆಯ ಪ್ರಯೋಗ ಶುರುವಾಯಿತು. ಇಂದು ಅದನ್ನು ಡಿಆರ್‌ಎಸ್ ಎಂದರೆ ಗಲ್ಲಿ ಕ್ರಿಕೆಟ್ ಆಡುವ ಹುಡುಗರಿಗೂ ಗೊತ್ತು. ಪ್ರೊ ಕಬಡ್ಡಿಯಲ್ಲೂ ತಂಡಗಳಿಗೆ ರಿವ್ಯೂ ಕೇಳುವ ಹಕ್ಕಿದೆ. ಅಂಪೈರ್ ಜತೆ ಜಗಳವಾಡದೆ, ನಿಯಮದ ಒಳಗೇ ನಿಂತು "ಇನ್ನೊಮ್ಮೆ ನೋಡಿ" ಎನ್ನಲು ಬರುತ್ತದೆ. ಆಕ್ಷೇಪಕ್ಕೆ ಒಂದು ಬಾಗಿಲು ತೆರೆದರೆ ಗೋಡೆ ಹಾರುವವರು ಕಡಿಮೆಯಾಗುತ್ತಾರೆ.

ದಂಡ ವಿಧಿಸುವವರೂ ಎಲ್ಲ ಸಲ ಕುರುಡಾಗಿ ನಡೆದುಕೊಳ್ಳಬೇಕಾಗಿಲ್ಲ. 2023ರ ನವೆಂಬರ್‌ನಲ್ಲಿ ನ್ಯೂಕಾಸಲ್ ಎದುರು 1–0ರಿಂದ ಸೋತ ಆರ್ಸೆನಲ್ ಕೋಚ್ ಮಿಕೆಲ್ ಆರ್ಟೆಟಾ, ಆ ಗೋಲನ್ನು ಒಪ್ಪಿದ್ದು ನಾಚಿಕೆಗೇಡು ಎಂಬ ಅರ್ಥ ಬರುವ ಇಂಗ್ಲಿಷ್ ಪದ ಬಳಸಿದರು. ಅವರ ಮೇಲೆ ಆರೋಪ ಹೊರಿಸಲಾಯಿತು. ಸ್ವತಂತ್ರ ಆಯೋಗ ವಿಚಾರಣೆ ನಡೆಸಿ, ಡಿಸೆಂಬರ್‌ನಲ್ಲಿ ಆರೋಪ ಸಾಬೀತಾಗಿಲ್ಲ ಎಂದು ಕೈಬಿಟ್ಟಿತು. ವಿಚಾರಣೆಯಲ್ಲಿ ಒಂದು ಸ್ವಾರಸ್ಯದ ಸಂಗತಿಯೂ ಬಂತು: ಆರ್ಟೆಟಾ ಅವರ ತಾಯ್ನುಡಿ ಸ್ಪ್ಯಾನಿಷ್‌ನಲ್ಲಿ ಆ ಪದವನ್ನೇ ಹೋಲುವ ಮಾತಿಗೆ ದುರದೃಷ್ಟ ಎಂಬ ಅರ್ಥವಿದೆ! ದೂರು ಕೊಟ್ಟವರು ಬೇರೆ, ತೀರ್ಪು ಕೊಡುವವರು ಬೇರೆ ಆಗಿದ್ದರಿಂದ ಕೋಚ್‌ಗೆ ತನ್ನ ಮಾತು ಹೇಳಿಕೊಳ್ಳುವ ಅವಕಾಶ ಸಿಕ್ಕಿತು. ದಂಡ ಇರಬೇಕು ಎನ್ನುವವರು ಇಂಥ ವಿಚಾರಣೆಯೂ ಇರಬೇಕು ಎನ್ನುವುದನ್ನು ಮರೆಯಬಾರದು.

ಶಾಲೆಯ ಬಯಲಿನಲ್ಲಿ

ಇವೆಲ್ಲ ಕೋಟ್ಯಧೀಶರ ಜಗಳ, ನಮಗೇನು ಎಂದು ಪತ್ರಿಕೆ ಮಡಚುವ ಮುನ್ನ ಇನ್ನೊಂದು ಘಟನೆ.

2012ರ ಡಿಸೆಂಬರ್ 2. ನೆದರ್ಲೆಂಡ್ಸ್‌ನ ಅಲ್ಮೇರೆ ಪಟ್ಟಣದಲ್ಲಿ ಹುಡುಗರ ಫುಟ್‌ಬಾಲ್ ಪಂದ್ಯ. ತನ್ನ ಮಗ ಆಡುತ್ತಿದ್ದ ಆ ಪಂದ್ಯಕ್ಕೆ 41 ವರ್ಷದ ತಂದೆಯೊಬ್ಬರು ಸ್ವಯಂಸೇವೆಯಿಂದ ಲೈನ್ಸ್‌ಮನ್ ಆಗಿ ಬಾವುಟ ಹಿಡಿದಿದ್ದರು. ಪಂದ್ಯ ಮುಗಿದ ಮೇಲೆ ಎದುರಾಳಿ ತಂಡದವರು ಅವರನ್ನು ಕೆಳಗೆ ಕೆಡವಿ ಒದ್ದರು. ಮರುದಿನ ಅವರು ತೀರಿಕೊಂಡರು. ನ್ಯಾಯಾಲಯ ತಪ್ಪಿತಸ್ಥರೆಂದು ಹೇಳಿದ ಏಳು ಮಂದಿಯಲ್ಲಿ ಆರು ಜನ ಹದಿಹರೆಯದ ಹುಡುಗರು. ಏಳನೆಯವನು ಅವರಲ್ಲೊಬ್ಬನ ತಂದೆ.

ಆ ಹುಡುಗರು ಯಾವುದೋ ಕೋಚ್‌ನ ಪತ್ರಿಕಾಗೋಷ್ಠಿ ನೋಡಿಯೇ ಹಾಗೆ ಮಾಡಿದರು ಎನ್ನುವಂತಿಲ್ಲ. ಆದರೆ ತೀರ್ಪುಗಾರ ಎಂದರೆ ಶತ್ರು ಎಂಬ ಭಾವನೆ ಮಕ್ಕಳಲ್ಲಿ ಹುಟ್ಟಿನಿಂದ ಬರುವುದಿಲ್ಲ; ದೊಡ್ಡವರನ್ನು ನೋಡಿ ಕಲಿಯುತ್ತಾರೆ.

ಕರ್ನಾಟಕದ ಯಾವುದೇ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಹೋಗಿ ನೋಡಿ. ಕಬಡ್ಡಿ ಅಂಕಣದಲ್ಲಿ ಸೀಟಿ ಹಿಡಿದು ನಿಂತವರು ಇನ್ನೊಂದು ಶಾಲೆಯ ದೈಹಿಕ ಶಿಕ್ಷಕರು. ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಕ್ಯಾಮೆರಾ ಇಲ್ಲ, ರಿವ್ಯೂ ಇಲ್ಲ; ಗೆರೆ ಎಳೆದ ಸುಣ್ಣದ ಪುಡಿಯೂ ಅರ್ಧ ಅಳಿಸಿಹೋಗಿರುತ್ತದೆ. ರೈಡರ್‌ನ ಕಾಲು ಗೆರೆ ಮುಟ್ಟಿತೋ ಇಲ್ಲವೋ ಎಂಬುದನ್ನು ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಅವರು ಹೇಳಬೇಕು. ತಪ್ಪಾಗುವುದು ಸಹಜ. ಆಗ ಗುಂಪಿನಿಂದ ಒಂದು ದನಿ ಏಳುತ್ತದೆ: "ಏ ಮೇಷ್ಟ್ರೇ, ಎಷ್ಟು ದುಡ್ಡು ತಗೊಂಡಿದೀರಿ?" ಕೂಗಿದವರು ಒಮ್ಮೊಮ್ಮೆ ಪಾಲಕರು, ಒಮ್ಮೊಮ್ಮೆ ಸೋಲುತ್ತಿರುವ ತಂಡದ ಶಿಕ್ಷಕರೇ.

ಅವರಿಗೆ 75 ಸಾವಿರ ಪೌಂಡ್ ದಂಡ ಹಾಕುವ ಶಿಸ್ತು ಸಮಿತಿ ಇಲ್ಲ. ಆದರೆ ಕ್ಲಾಪ್ ಪ್ರಕರಣ ಹೇಳಿಕೊಟ್ಟ ಗೆರೆಯನ್ನು ಅಲ್ಲಿಯೂ ಎಳೆಯಬಹುದು. "ಸಾರ್, ಕಾಲು ಗೆರೆ ಮುಟ್ಟಿರಲಿಲ್ಲ ಅನಿಸುತ್ತದೆ" ಎಂದು ನಾಯಕ ಹುಡುಗ ಕೇಳಿದರೆ ತಪ್ಪೇನಿಲ್ಲ. ಕೇಳುವ ಧೈರ್ಯ ಅವನಿಗೆ ಬೇಕು ಕೂಡ. ಕ್ರೀಡಾಕೂಟದ ವ್ಯವಸ್ಥಾಪಕರಿಗೆ ಬರೆದು ಕೊಡುವುದೂ ತಪ್ಪಲ್ಲ. ಆದರೆ ಕಾಣದ ಲಂಚವನ್ನು ಕಂಡಂತೆ ಕೂಗಿದಾಗ ಮಗು ಕಲಿಯುವುದು ಒಂದೇ ಪಾಠ: ನೀನು ಸೋತಿದ್ದರೆ ಯಾರೋ ಮೋಸ ಮಾಡಿದ್ದಾರೆ. ನಾಳೆ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗಲೂ ಅದೇ ಪಾಠ ಅವನ ನಾಲಗೆಯ ತುದಿಯಲ್ಲಿರುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಆರಂಭದ ಪ್ರಶ್ನೆಗೆ ಉತ್ತರ ಸ್ಪಷ್ಟವಾಗುತ್ತದೆ. ತೀರ್ಪನ್ನು ಟೀಕಿಸಿದ ಕೋಚ್‌ನ ಬಾಯಿ ಕಟ್ಟಬಾರದು. ಆಧಾರವಿಲ್ಲದೆ ತೀರ್ಪುಗಾರನ ಮಾನಕ್ಕೆ ಕೈಹಾಕಿದವರನ್ನು ಸುಮ್ಮನೆ ಬಿಡಲೂಬಾರದು. ಆಧಾರ ಇದ್ದವರು ಅದನ್ನು ತಂದು ಒಪ್ಪಿಸಲು ಲೀಗ್ ಒಂದು ಬಾಗಿಲು ತೆರೆದಿಡಬೇಕು. ತಪ್ಪು ತನ್ನದಾದರೆ ಒಪ್ಪಿಕೊಳ್ಳಬೇಕು. ಆ ಬಾಗಿಲು ಇಲ್ಲದ ಲೀಗ್‌ಗೆ ದಂಡ ಹಾಕುವ ನೈತಿಕ ಹಕ್ಕು ಅರ್ಧದಷ್ಟೇ.

ಮುಂದಿನ ಕ್ರೀಡಾಕೂಟದಲ್ಲಿ ಪಂದ್ಯ ಮುಗಿದ ಮೇಲೆ, ಗೆದ್ದರೂ ಸೋತರೂ, ಸೀಟಿ ಹಿಡಿದ ಮೇಷ್ಟರ ಬಳಿಗೆ ಹೋಗಿ ಕೈಕುಲುಕಿ ಬಾ ಎಂದು ಮಗನಿಗೋ ಮಗಳಿಗೋ ಹೇಳಿ ಕಳಿಸಬಹುದು. ಅದಕ್ಕೆ ಯಾವ ಶಿಸ್ತು ಸಮಿತಿಯ ಆದೇಶವೂ ಬೇಕಾಗಿಲ್ಲ.